ತಿನ್ ಕ್ಲೈಯಂಟಿನ ಎರಡನೆಯ ಬಾಳುವೆ

ಬ್ಯಾಂಕಿನ ಗುಮಾಸ್ತರ ಮೇಜಿನ ಮೇಲೆ, ಗಣಕದ ಪರದೆಯ ಹಿಂಬದಿಗೆ ಆತುಕೊಂಡಂತೆ ನಿಂತಿರುವ ಒಂದು ಸಣ್ಣ ಕಪ್ಪು ಪೆಟ್ಟಿಗೆಯನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ದಪ್ಪ ನಿಘಂಟಿನ ಒಂದು ಸಂಪುಟದಷ್ಟು ಅದರ ಗಾತ್ರ. ಅದರಲ್ಲಿ ಫ್ಯಾನಿನ ಸದ್ದಿಲ್ಲ; ತಟ್ಟೆ ತಿರುಗುವ ಗುಂಯ್ಗುಟ್ಟುವಿಕೆಯೂ ಇಲ್ಲ. ನೋಡಿದವರು ಇದನ್ನೂ ಒಂದು ಗಣಕಯಂತ್ರವೆಂದೇ ಕರೆಯುತ್ತಾರೆ. ಆದರೆ ಅದನ್ನು ನಿರ್ಮಿಸಿದವರು ಅದಕ್ಕಿಟ್ಟ ಹೆಸರು ತಿನ್ ಕ್ಲೈಯಂಟ್ ಎಂದು. ಕನ್ನಡದಲ್ಲಿ ಹೇಳುವುದಾದರೆ ‘ತೆಳ್ಳನೆಯ ಗಿರಾಕಿ’. ಹೆಸರು ವಿನೋದವಾಗಿ ಕಂಡರೂ ಅರ್ಥವತ್ತಾದದ್ದೇ. ಗಿರಾಕಿಯೆಂದರೆ ತಾನೇ ಅಡಿಗೆ ಮಾಡುವವನಲ್ಲ, ಮಾಡಿದ್ದನ್ನು ಬಡಿಸಿಕೊಂಡು ಉಣ್ಣುವವನು. ಲೆಕ್ಕಾಚಾರವೆಲ್ಲ ನಡೆಯುವುದು ದೂರದ ಕೊಠಡಿಯೊಂದರಲ್ಲಿರುವ ಸರ್ವರ್ ಎಂಬ ದೊಡ್ಡ ಗಣಕದಲ್ಲಿ. ಗುಮಾಸ್ತರು ಕೀಲಿಯನ್ನು ಒತ್ತಿದ ಸುದ್ದಿ ತಂತಿಯ ಮೂಲಕ ಅಲ್ಲಿಗೆ ಹೋಗುತ್ತದೆ; ಅಲ್ಲಿ ಸಿದ್ಧವಾದ ಚಿತ್ರವು ಅದೇ ತಂತಿಯ ಮೂಲಕ ಇಲ್ಲಿಗೆ ಬಂದು ಪರದೆಯ ಮೇಲೆ ಮೂಡುತ್ತದೆ. ನಡುವಣ ಪೆಟ್ಟಿಗೆಯ ಕರ್ತವ್ಯ ಇಷ್ಟೇ.

ಈ ಏರ್ಪಾಡು ತೀರ ಹೊಸದೇನೂ ಅಲ್ಲ. ೧೯೬೦ ಮತ್ತು ೧೯೭೦ರ ದಶಕಗಳ ಮಹಾಗಣಕಗಳಿಗೆ ಹತ್ತಾರು ಟರ್ಮಿನಲ್‌ಗಳನ್ನು ಜೋಡಿಸುತ್ತಿದ್ದುದು ಇದೇ ತತ್ತ್ವದ ಮೇಲೆ. ಮೇಜಿಗೊಂದರಂತೆ ಸ್ವತಂತ್ರ ಗಣಕಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಆದರೆ ನೂರು ಮೇಜುಗಳಿಗೆ ನೂರು ಗಣಕಗಳಾದಾಗ ನೂರನ್ನೂ ನೋಡಿಕೊಳ್ಳುವ ಕಷ್ಟವೂ ಹುಟ್ಟಿತು. ಹಳೆಯ ತತ್ತ್ವಕ್ಕೆ ಮತ್ತೆ ಬೆಲೆ ಬಂದಿತು. ಅಮೆರಿಕದ ವೈಸ್ ಸಂಸ್ಥೆಯು ೧೯೯೫ರಲ್ಲಿ ‘ವಿನ್‌ಟರ್ಮ್’ ಎಂಬ ಹೆಸರಿನ ಪೆಟ್ಟಿಗೆಗಳನ್ನು ಹೊರತಂದಿತು. ೧೯೯೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ಎನ್‌ಟಿಗೆ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಒದಗಿಸಿತು. ನಮ್ಮ ಬೆಂಗಳೂರಿನಲ್ಲಿ ನೆಲೆಗೊಂಡಿದ್ದ ವಿಎಕ್ಸ್‌ಎಲ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯೂ ಮೊದಲು ಟರ್ಮಿನಲ್‌ಗಳನ್ನೂ ಅನಂತರ ತಿನ್ ಕ್ಲೈಯಂಟ್‌ಗಳನ್ನೂ ತಯಾರಿಸಿ ಹೊರನಾಡುಗಳಿಗೆ ಕಳುಹಿಸಿದ ಸಂಗತಿಯನ್ನು ಇಲ್ಲಿ ನೆನೆಯಬಹುದು.

ಇರಲಿ. ನಮ್ಮ ಇಂದಿನ ವಿಷಯವು ಈ ಯಂತ್ರದ ಹುಟ್ಟಲ್ಲ, ಅದರ ಮುಪ್ಪು. ಕಚೇರಿಗಳು ಇಂಥ ಪೆಟ್ಟಿಗೆಗಳನ್ನು ಒಂದೆರಡಾಗಿ ಕೊಳ್ಳುವುದಿಲ್ಲ, ನೂರುಗಟ್ಟಲೆ ಕೊಳ್ಳುತ್ತವೆ. ಬಿಡುವಾಗಲೂ ನೂರುಗಟ್ಟಲೆಯೇ ಬಿಡುತ್ತವೆ. ಬಿಡುವುದಕ್ಕೆ ಯಂತ್ರ ಕೆಟ್ಟಿರಬೇಕೆಂದೇನೂ ಇಲ್ಲ. ಅದರೊಳಗಿನ ವ್ಯವಸ್ಥಾ ತಂತ್ರಾಂಶಕ್ಕೆ ತಯಾರಕರ ಬೆಂಬಲ ನಿಂತರೆ ಸಾಕು. ಬಹು ಮಂದಿ ಬಳಸುತ್ತಿದ್ದ ‘ವಿಂಡೋಸ್ ಎಂಬೆಡೆಡ್ ಸ್ಟ್ಯಾಂಡರ್ಡ್ ೭’ ಎಂಬುದಕ್ಕೆ ಸಾಮಾನ್ಯ ಬೆಂಬಲವು ೨೦೨೦ರ ಅಕ್ಟೋಬರಿನಲ್ಲಿ ಮುಗಿಯಿತು. ಹೀಗೆ ಹೊರಬಿದ್ದ ಪೆಟ್ಟಿಗೆಗಳು ಹಳೆಯ ಸಾಮಾನಿನ ಅಂಗಡಿಗಳಿಗೆ ಬಂದು, ಹೊಸ ಗಣಕದ ಬೆಲೆಯ ಒಂದು ಸಣ್ಣ ಅಂಶಕ್ಕೆ ದೊರೆಯುತ್ತವೆ. ಊರಿನ ವಾಚನಾಲಯಕ್ಕೋ ಹಳ್ಳಿಯ ಶಾಲೆಗೋ ನಾಲ್ಕು ಗಣಕಗಳು ಬೇಕೆಂದು ಕೈಯಲ್ಲಿ ಅಲ್ಪ ಹಣವಿಟ್ಟುಕೊಂಡು ಹೊರಟವರಿಗೆ ಇದು ಒಳ್ಳೆಯ ಅವಕಾಶವೇ. ಆದರೆ ಕೊಂಡ ಪೆಟ್ಟಿಗೆ ಹತ್ತು ವರ್ಷ ದುಡಿಯುವುದೋ ಹತ್ತು ದಿನಕ್ಕೆ ಅಟ್ಟ ಸೇರುವುದೋ ಎಂಬುದು ಒಂದೇ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಅದರ ಅಂಗಗಳಲ್ಲಿ ಯಾವುವನ್ನು ಹಲಗೆಗೆ ಬೆಸೆದಿದ್ದಾರೆ, ಯಾವುವನ್ನು ಬರಿದೆ ಸಿಕ್ಕಿಸಿದ್ದಾರೆ? ಸಿಕ್ಕಿಸಿದ್ದನ್ನು ನಾವು ತೆಗೆದು ದೊಡ್ಡದು ಹಾಕಬಹುದು. ಬೆಸೆದದ್ದು ಹಣೆಯಬರಹವಿದ್ದಂತೆ.

ಮಾತು ಗಾಳಿಯಲ್ಲಿ ನಿಲ್ಲದಿರಲೆಂದು ಒಂದು ನಿಜವಾದ ಯಂತ್ರವನ್ನೇ ತೆಗೆದುಕೊಳ್ಳೋಣ. ಎಚ್‌ಪಿ ಸಂಸ್ಥೆಯು ೨೦೧೩ರಲ್ಲಿ ಹೊರತಂದ ‘ಟಿ ೬೨೦’ ಎಂಬುದು ಈ ಜಾತಿಯಲ್ಲಿ ಹೆಸರಾದದ್ದು. ಇದರ ಹೊದಿಕೆಯನ್ನು ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ಶಾಖವನ್ನು ಚೆಲ್ಲುವ ಲೋಹದ ಏಣುಗಳು. ಅವುಗಳ ಕೆಳಗೆ, ಕಾಣದಂತೆ, ಯಂತ್ರದ ಪ್ರೊಸೆಸರ್ ಇದೆ. ಅದು ಎಎಂಡಿ ಸಂಸ್ಥೆಯ ಜಿ-ಶ್ರೇಣಿಯದು. ಕೆಲವು ಪೆಟ್ಟಿಗೆಗಳಲ್ಲಿ ‘ಜಿಎಕ್ಸ್-೨೧೭ಜಿಎ’ ಎಂಬ ೧.೬೫ ಗಿಗಾಹರ್ಟ್ಸ್ ವೇಗದ ಎರಡು ತಿರುಳಿನ ಪ್ರೊಸೆಸರ್. ಮತ್ತೆ ಕೆಲವರಲ್ಲಿ ‘ಜಿಎಕ್ಸ್-೪೧೫ಜಿಎ’ ಎಂಬ ೧.೫ ಗಿಗಾಹರ್ಟ್ಸ್‌ನ ನಾಲ್ಕು ತಿರುಳಿನದು. ಎರಡೂ ಹೆಚ್ಚೆಂದರೆ ೧೫ ವ್ಯಾಟಿನಷ್ಟು ಶಾಖವನ್ನು ಹೊರಹಾಕುವಂತೆ ರಚಿತವಾದುವು. ಫ್ಯಾನಿಲ್ಲದೆ ಬರಿಯ ಲೋಹದ ಏಣುಗಳಿಂದಲೇ ತಣ್ಣಗಿರಲು ಸಾಧ್ಯವಾಗುವುದು ಈ ಕಾರಣದಿಂದ. ‘ಜಾಗ್ವಾರ್’ ಎಂಬ ಹೆಸರಿನ ಇದೇ ತಿರುಳನ್ನು ಎಂಟರಂತೆ ಕೂಡಿಸಿ, ಅದೇ ವರ್ಷ ಬಂದ ಪ್ಲೇಸ್ಟೇಷನ್ ೪ ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಆಟದ ಯಂತ್ರಗಳಲ್ಲಿಯೂ ಬಳಸಿದರು. ಬ್ಯಾಂಕಿನ ಗುಮಾಸ್ತರ ಪೆಟ್ಟಿಗೆಗೂ ಮಕ್ಕಳ ಆಟದ ಪೆಟ್ಟಿಗೆಗೂ ಇರುವ ಈ ದಾಯಾದಿತನ ಸ್ವಾರಸ್ಯವಾದದ್ದು.

ಈ ಪ್ರೊಸೆಸರನ್ನು ಹಲಗೆಗೆ ಬೆಸೆದಿದ್ದಾರೆ. ಎರಡು ತಿರುಳಿನದನ್ನು ಕೊಂಡು ತಂದು ಆಮೇಲೆ ನಾಲ್ಕು ತಿರುಳಿನದನ್ನು ಹಾಕಿಸುತ್ತೇವೆಂದರೆ ಆಗುವ ಮಾತಲ್ಲ. ಆದ್ದರಿಂದ ಅಂಗಡಿಯಲ್ಲಿ ನಿಂತಾಗಲೇ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿ, ಅಥವಾ ಯಂತ್ರವನ್ನು ಹಚ್ಚಿ ನೋಡಿ, ನಾಲ್ಕು ತಿರುಳಿನದನ್ನು ಆರಿಸಿಕೊಳ್ಳುವುದು ಜಾಣತನ. ಹೊರಗಿನಿಂದ ಎರಡೂ ಒಂದೇ ಬಗೆ. ಬೆಲೆಯಲ್ಲಿ ಸ್ವಲ್ಪ ಅಂತರವಿದ್ದರೂ ಅದನ್ನು ಕೊಡುವುದೇ ಸರಿಯೆಂದು ನಮ್ಮ ಅಭಿಪ್ರಾಯ.

ಇನ್ನು ನೆನಪಿನ ವಿಷಯ. ಇಲ್ಲಿ ಎರಡು ಬಗೆಯ ನೆನಪುಗಳನ್ನು ಬೇರ್ಪಡಿಸಿ ನೋಡಬೇಕು. ಇವೆರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಅನೇಕರ ಹಣ ತಪ್ಪು ಕಡೆಗೆ ಹೋಗುತ್ತದೆ. ರೈತನಿಗೆ ಕಣವೂ ಬೇಕು, ಕಣಜವೂ ಬೇಕಲ್ಲವೆ? ತೆನೆಯನ್ನು ಹರಡಿ, ತುಳಿಸಿ, ತೂರುವ ಬಯಲು ಕಣ. ಕೆಲಸ ಮುಗಿದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ತೂರಿದ ಕಾಳು ವರ್ಷಗಟ್ಟಲೆ ಇರುವ ತಾಣ ಕಣಜ. ಗಣಕದಲ್ಲಿ ರ‍್ಯಾಮ್ ಎಂಬುದು ಕಣ: ಕೆಲಸ ನಡೆಯುತ್ತಿರುವಾಗ ಮಾತ್ರ ಅಲ್ಲಿ ಮಾಹಿತಿ ಹರಡಿಕೊಂಡಿರುತ್ತದೆ, ವಿದ್ಯುತ್ತು ಹೋದೊಡನೆ ಅದು ಬಯಲು. ಫ್ಲ್ಯಾಷ್ ಅಥವಾ ಎಸ್‌ಎಸ್‌ಡಿ ಎಂಬುದು ಕಣಜ.

ಟಿ ೬೨೦ರಲ್ಲಿ ರ‍್ಯಾಮಿನ ಹಲಗೆಗಳಿಗೆ ಎರಡು ಕಿಂಡಿಗಳಿವೆ, ಎರಡೂ ಸಿಕ್ಕಿಸುವಂಥವು. ಕಚೇರಿಯಿಂದ ಬಂದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ೪ ಗಿಗಾಬೈಟ್ ಇರುತ್ತದೆ. ಕಿಂಡಿಗೆ ೮ರಂತೆ ೧೬ ಗಿಗಾಬೈಟಿನವರೆಗೆ ಏರಿಸಬಹುದು. ಹಾಕಬೇಕಾದದ್ದು ಲ್ಯಾಪ್‌ಟಾಪುಗಳಲ್ಲಿ ಬಳಸುವ, ೨೦೪ ಮೊಳೆಗಳ, ‘ಡಿಡಿಆರ್೩ಎಲ್’ ಜಾತಿಯ ಗಿಡ್ಡ ಹಲಗೆ. ಕೊನೆಯ ‘ಎಲ್’ ಅಕ್ಷರಕ್ಕೆ ಅರ್ಥವಿದೆ: ಮಾಮೂಲು ಡಿಡಿಆರ್೩ಕ್ಕೆ ೧.೫ ವೋಲ್ಟ್ ಬೇಕಾದರೆ ಇದು ೧.೩೫ ವೋಲ್ಟಿನಲ್ಲೇ ನಡೆಯುತ್ತದೆ. ಶಾಖವೂ ಅಷ್ಟರಮಟ್ಟಿಗೆ ಕಡಿಮೆ. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಇದು ಅಲಕ್ಷಿಸುವ ಸಂಗತಿಯಲ್ಲ. ಹೊಸ ಲ್ಯಾಪ್‌ಟಾಪಿನ ಡಿಡಿಆರ್೪ ಹಲಗೆಯನ್ನು ತಂದರೆ ಅದು ಕಿಂಡಿಗೆ ಹೋಗುವುದೇ ಇಲ್ಲ. ಅದರ ಮೊಳೆಗಳು ೨೬೦, ಕಚ್ಚು ಬೇರೆಡೆ.

ಒಂದು ಕಿಂಡಿಯ ಬದಲು ಎರಡನ್ನೂ ತುಂಬಿದರೆ ವೇಗ ಇಮ್ಮಡಿಯಾಗುವುದೆಂದು ಕೆಲವರು ಹೇಳುತ್ತಾರೆ. ದೊಡ್ಡ ಗಣಕಗಳಲ್ಲಿ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಎರಡು ಹಾದಿಗಳಿರುವುದರಿಂದ ಅಲ್ಲಿ ಈ ಮಾತಿಗೆ ಆಧಾರವುಂಟು. ಇಲ್ಲಿ ಇರುವುದು ಒಂದೇ ಹಾದಿ. ಅದರ ಅಗಲ ೬೪ ಬಿಟ್. ಸೆಕೆಂಡಿಗೆ ೧೬೦ ಕೋಟಿ ಸಲ ಅದು ಮಾಹಿತಿಯನ್ನು ಸಾಗಿಸಬಲ್ಲುದು. ೬೪ ಬಿಟ್ ಎಂದರೆ ೮ ಬೈಟ್. ಗುಣಿಸಿದರೆ ಸೆಕೆಂಡಿಗೆ ೧೨.೮ ಗಿಗಾಬೈಟ್. ಹಲಗೆ ಒಂದಿರಲಿ ಎರಡಿರಲಿ, ಮಿತಿ ಇದೇ. ಚಿತ್ರಗಳನ್ನು ರಚಿಸುವ ಭಾಗವೂ ತನ್ನ ಪಾಲನ್ನು ಇದೇ ಹಾದಿಯಿಂದ, ಇದೇ ರ‍್ಯಾಮಿನಿಂದ ಪಡೆಯಬೇಕು. ಆದಕಾರಣ ಎರಡನೆಯ ಹಲಗೆಯಿಂದ ಕಣ ವಿಶಾಲವಾಗುತ್ತದೆಯೇ ಹೊರತು ತುಳಿಯುವ ಎತ್ತುಗಳು ಓಡತೊಡಗುವುದಿಲ್ಲ.

ಆದರೆ ವಿಶಾಲವಾದ ಕಣದ ಲಾಭ ಸಾಮಾನ್ಯವಾದದ್ದಲ್ಲ. ಇಂದಿನ ಜಾಲತಾಣಗಳಲ್ಲಿ ನಾಲ್ಕೈದನ್ನು ಒಟ್ಟಿಗೆ ತೆರೆದರೆ ೪ ಗಿಗಾಬೈಟ್ ತುಂಬಿಹೋಗುತ್ತದೆ. ತುಂಬಿದೊಡನೆ ಗಣಕವು ತನಗೆ ತಕ್ಷಣ ಬೇಡವಾದುದನ್ನು ಕಣಜಕ್ಕೆ ಸಾಗಿಸಿ, ಬೇಕಾದಾಗ ಹೊತ್ತು ತರುತ್ತದೆ. ಯಂತ್ರ ‘ಮುಗ್ಗರಿಸುತ್ತಿದೆ’ ಎಂದು ನಮಗೆ ತೋರುವುದು ಈ ಹೊರೆ ಸಾಗಾಟದಿಂದಲೇ. ಇದರಿಂದ ಇನ್ನೊಂದು ಕೆಡುಕೂ ಇದೆ, ಅದು ಕಣ್ಣಿಗೆ ಕಾಣದ್ದು. ಫ್ಲ್ಯಾಷ್ ಸಂಗ್ರಹದ ಒಂದೊಂದು ಕೋಶವೂ ನಿರೋಧಕ ಪೊರೆಯೊಳಗೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದು ಮಾಹಿತಿಯನ್ನು ಕಾಪಾಡುತ್ತದೆ. ಅಳಿಸಿ ಬರೆಯುವ ಪ್ರತಿ ಸಲವೂ ಎಲೆಕ್ಟ್ರಾನುಗಳು ಆ ಪೊರೆಯನ್ನು ತೂರಿಕೊಂಡು ಹೋಗಬೇಕು. ಪೊರೆ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಸಾಮಾನ್ಯ ಜಾತಿಯ ಕೋಶಗಳು ಕೆಲವು ಸಾವಿರ ಸಲ ಮಾತ್ರ ಇದನ್ನು ತಾಳಬಲ್ಲುವು. ಹಾಗಾಗಿ ರ‍್ಯಾಮ್ ಕಿರಿದಾಗಿರುವ ಯಂತ್ರವು ನಿಧಾನವಾಗಿರುವುದಷ್ಟೇ ಅಲ್ಲ, ತನ್ನ ಕಣಜವನ್ನೂ ತಾನೇ ಸವೆಸುತ್ತಿರುತ್ತದೆ. ಹಣ ಒಂದಕ್ಕೇ ಸಾಲುವಂತಿದ್ದರೆ ಮೊದಲು ರ‍್ಯಾಮನ್ನು ೮ ಗಿಗಾಬೈಟಿಗೆ ಏರಿಸಬೇಕೆಂದು ನಾವು ಹೇಳುವುದು ಇದಕ್ಕಾಗಿ. ಓದಲು, ಬರೆಯಲು, ಜಾಲತಾಣ ನೋಡಲು ೮ ಸಾಕು. ಒಂದೇ ಪೆಟ್ಟಿಗೆಯಿಂದ ಹಲವು ಸೇವೆಗಳನ್ನು ನಡೆಸುವವರಿಗೆ ಮಾತ್ರ ೧೬ರ ಅಗತ್ಯ.

ಸಂಗ್ರಹದ ಬಗ್ಗೆ ಹೇಳುವಾಗ ಒಂದು ವಿಚಿತ್ರವನ್ನು ಮುಂಚೆಯೇ ತಿಳಿಸುವುದು ಒಳ್ಳೆಯದು. ಕಚೇರಿಯ ಹಳೆಯ ವಿಂಡೋಸ್ ಇನ್ನೂ ಇರುವ ಪೆಟ್ಟಿಗೆಯನ್ನು ತಂದು, ಅದರಲ್ಲಿ ಒಂದು ಪತ್ರವನ್ನು ಬರೆದು ಉಳಿಸಿ, ಮರುದಿನ ಹಚ್ಚಿದರೆ ಪತ್ರವೇ ಇರುವುದಿಲ್ಲ! ಯಂತ್ರ ಕೆಟ್ಟಿದೆಯೆಂದು ಹಿಂದಿರುಗಿಸಲು ಹೋದವರುಂಟು. ಕೆಟ್ಟಿರುವುದೇನೂ ಇಲ್ಲ. ಈ ವ್ಯವಸ್ಥೆಯಲ್ಲಿ ‘ರೈಟ್ ಫಿಲ್ಟರ್’ ಎಂಬ ಕಾವಲುಗಾರನಿದ್ದಾನೆ. ಫ್ಲ್ಯಾಷಿಗೆ ಹೋಗಬೇಕಾದ ಬರಹವನ್ನೆಲ್ಲ ಅವನು ನಡುದಾರಿಯಲ್ಲಿ ತಡೆದು ರ‍್ಯಾಮಿನಲ್ಲೇ ಇರಿಸುತ್ತಾನೆ. ಯಂತ್ರ ಆರಿದಾಗ ಅದೆಲ್ಲ ಅಳಿದು, ಮತ್ತೆ ಹಚ್ಚಿದಾಗ ಮೊದಲಿದ್ದ ಸ್ಥಿತಿಯೇ ಬರುತ್ತದೆ. ಗುಮಾಸ್ತರ ಮೇಜಿನ ಯಂತ್ರವು ಪ್ರತಿದಿನವೂ ಒಂದೇ ರೀತಿ ಇರಬೇಕು, ಫ್ಲ್ಯಾಷ್ ಸವೆಯಬಾರದು ಎಂಬ ಎರಡು ಉದ್ದೇಶಗಳಿಂದ ಹೀಗೆ ಮಾಡಿದ್ದರು. ಕಚೇರಿಗೆ ಇದು ಗುಣ, ಮನೆಗೆ ದೋಷ. ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದರೆ ಕಾವಲುಗಾರನೂ ಹೊರಟುಹೋಗುತ್ತಾನೆ.

ಮೂಲದಲ್ಲಿ ಬರುತ್ತಿದ್ದ ಸಂಗ್ರಹ ಸಾಮಾನ್ಯವಾಗಿ ೧೬ ಗಿಗಾಬೈಟಿನದು. ಅದನ್ನು ‘ಎಂ.೨’ ಎಂಬ ಚಪ್ಪಟೆಯ ಕಿಂಡಿಯಲ್ಲಿ ಸಿಕ್ಕಿಸಿ ಒಂದು ತಿರುಪಿನಿಂದ ಬಿಗಿದಿರುತ್ತಾರೆ. ತೆಗೆದು ೧೨೮ ಅಥವಾ ೨೫೬ ಗಿಗಾಬೈಟಿನದನ್ನು ಹಾಕುವುದು ಐದು ನಿಮಿಷದ ಕೆಲಸ. ಇಲ್ಲಿ ಎಚ್ಚರ ಬೇಕಾದದ್ದು ಕೊಳ್ಳುವಾಗ. ಎಂ.೨ ಎಂಬುದು ಕಿಂಡಿಯ ಆಕಾರದ ಹೆಸರು. ಆ ಆಕಾರದಲ್ಲಿ ಎರಡು ಭಾಷೆಗಳನ್ನಾಡುವ ಹಲಗೆಗಳಿವೆ. ಒಂದು ಹಳೆಯ ಸಾಟಾ ಭಾಷೆ, ಇನ್ನೊಂದು ಹೊಸತಾದ ಎನ್‌ವಿಎಂಇ. ಟಿ ೬೨೦ಕ್ಕೆ ತಿಳಿದಿರುವುದು ಸಾಟಾ ಒಂದೇ. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ತೋರಿಸುವುದು ಎನ್‌ವಿಎಂಇ ಹಲಗೆಗಳನ್ನು. ಅವುಗಳಲ್ಲಿ ಅನೇಕವು ಕಿಂಡಿಯೊಳಕ್ಕೆ ಹೋಗುವುದಿಲ್ಲ. ಎರಡು ಕಚ್ಚುಗಳಿರುವ ಕೆಲವು ಹೋಗಿ ಕೂರುತ್ತವೆ, ಆದರೆ ಯಂತ್ರಕ್ಕೆ ಅವು ಕಾಣುವುದೇ ಇಲ್ಲ. ಹೋಗಿ ಕೂರುವ ಜಾತಿಯೇ ಹೆಚ್ಚು ಮೋಸದ್ದು, ಏಕೆಂದರೆ ದೋಷವನ್ನು ಯಂತ್ರದ ಮೇಲೆ ಹೊರಿಸುವಂತಾಗುತ್ತದೆ. ಹಲಗೆಯ ಉದ್ದವನ್ನೂ ಅಳೆದುಕೊಳ್ಳಬೇಕು: ೪೨, ೬೦, ೮೦ ಮಿಲಿಮೀಟರುಗಳ ಹಲಗೆಗಳು ದೊರೆಯುತ್ತವೆ, ತಿರುಪಿನ ತೂತು ಎಲ್ಲಿದೆಯೆಂದು ನೋಡಿ ಕೊಳ್ಳುವುದು ಲೇಸು. ಕಣಜ ದೊಡ್ಡದಾದಷ್ಟೂ ಸವೆತ ಹೆಚ್ಚು ಕೋಶಗಳ ಮೇಲೆ ಹಂಚಿಹೋಗುವುದರಿಂದ ಬಾಳಿಕೆಯೂ ಹೆಚ್ಚುತ್ತದೆ.

ಇದೇ ಯಂತ್ರಕ್ಕೆ ‘ಟಿ ೬೨೦ ಪ್ಲಸ್’ ಎಂಬ ಅಣ್ಣನಿದ್ದಾನೆ. ಮೈ ಸ್ವಲ್ಪ ದಪ್ಪ. ಪ್ರೊಸೆಸರ್ ‘ಜಿಎಕ್ಸ್-೪೨೦ಸಿಎ’, ನಾಲ್ಕು ತಿರುಳು, ೨ ಗಿಗಾಹರ್ಟ್ಸ್, ೨೫ ವ್ಯಾಟ್. ಆ ದಪ್ಪದೊಳಗೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ವಿಸ್ತರಣದ ಕಿಂಡಿಯೊಂದು ಅಡಗಿದೆ. ನೋಡಲು ಅದು ೧೬ ಸಾಲುಗಳ ಉದ್ದ ಕಿಂಡಿ; ತಂತಿ ಎಳೆದಿರುವುದು ೪ ಸಾಲುಗಳಿಗೆ ಮಾತ್ರ. ಆದರೂ ಎರಡು ಅಥವಾ ನಾಲ್ಕು ಬಾಯಿಗಳುಳ್ಳ ಗಿಡ್ಡನೆಯ ಜಾಲ ಹಲಗೆಯನ್ನು ಅದರಲ್ಲಿ ಕೂರಿಸಿದರೆ ಸಂಸ್ಥೆಯೊಂದರ ಅಂತರ್ಜಾಲದ ಹೆಬ್ಬಾಗಿಲನ್ನು ಕಾಯುವ ರೂಟರ್ ಆಗಿ ಅದು ಒದಗುತ್ತದೆ. ಗೂಢಲಿಪಿಯ ಲೆಕ್ಕಗಳನ್ನು ಬೇಗ ಮಾಡುವ ಎಇಎಸ್ ಆದೇಶಗಳು ಜಾಗ್ವಾರ್ ತಿರುಳಿನಲ್ಲಿರುವುದರಿಂದ ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಹವ್ಯಾಸಿಗಳು ಪ್ಲಸ್ ಯಂತ್ರವನ್ನು ಹುಡುಕಿಕೊಂಡು ಹೋಗುವುದು ಈ ಒಂದು ಕಿಂಡಿಗಾಗಿ. ವಾಚನಾಲಯಕ್ಕೆ ಅದು ಬೇಕಿಲ್ಲ.

ಯಾವ ಹಲಗೆಯನ್ನು ಬದಲಿಸಿದರೂ ತೀರದ ಕೊರತೆಯೊಂದಿದೆ. ಶಾಲೆಯವರು ಅದನ್ನು ಮುಂಚಿತವಾಗಿ ತಿಳಿದಿರಬೇಕು. ಚಲಚ್ಚಿತ್ರಗಳನ್ನು ಜಾಲದ ಮೂಲಕ ಕಳುಹಿಸುವಾಗ ಅವನ್ನು ಒತ್ತಿ ಸಣ್ಣದಾಗಿಸಿ ಕಳುಹಿಸುತ್ತಾರೆ. ಬಿಡಿಸಿ ತೋರಿಸುವುದು ಗಣಕದ ಕೆಲಸ. ‘ಎಚ್.೨೬೪’ ಎಂಬ ಹಳೆಯ ಪದ್ಧತಿಯ ಕಟ್ಟನ್ನು ಬಿಡಿಸಲು ಟಿ ೬೨೦ರಲ್ಲಿ ಪ್ರತ್ಯೇಕವಾದ ಅಂಗವೇ ಇದೆ. ಆದರೆ ‘ವಿಪಿ೯’, ‘ಎವಿ೧’ ಎಂಬ ಈಚಿನ ಪದ್ಧತಿಗಳು ಆ ಅಂಗಕ್ಕೆ ತಿಳಿಯವು. ಆಗ ಪ್ರೊಸೆಸರೇ ಬೆವರು ಸುರಿಸಬೇಕಾಗುತ್ತದೆ. ಪಾಠದ ಚಿತ್ರಗಳನ್ನು ಮಧ್ಯಮ ಸ್ಪಷ್ಟತೆಯಲ್ಲಿ ನೋಡಬಹುದು. ಹೆಚ್ಚಿನದನ್ನು ಕೇಳಿದರೆ ಚಿತ್ರ ತಡವರಿಸುತ್ತದೆ.

ಹಳೆಯ ಪೆಟ್ಟಿಗೆಗಳೆಲ್ಲವೂ ಹೀಗೆ ತಿದ್ದಲು ಬಗ್ಗುವುವೆಂದು ಯಾರೂ ತಿಳಿಯಬಾರದು. ವೈಸ್ ಸಂಸ್ಥೆಯ ‘ಎಸ್ ೧೦’ ಎಂಬುದನ್ನು ನೋಡಿ. ಅದರ ಜಿಯೋಡ್ ಪ್ರೊಸೆಸರಿನ ವೇಗ ೩೬೬ ಮೆಗಾಹರ್ಟ್ಸ್, ಅದೂ ೩೨ ಬಿಟ್ ಜಾತಿಯದು. ರ‍್ಯಾಮನ್ನು ಬದಲಿಸಬಹುದು, ಸಂಗ್ರಹವನ್ನೂ ಬದಲಿಸಬಹುದು. ಆದರೆ ಬದಲಿಸಿ ಏನು ಹಾಕೋಣ? ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ರಲ್ಲಿ ೩೨ ಬಿಟ್ ಪಿಸಿಗಳಿಗೆ ಸ್ಥಾಪನೆಯ ಸೌಕರ್ಯವನ್ನೇ ಕೈಬಿಟ್ಟಿದ್ದಾರೆ. ಬಹು ಕಾಲ ಹಳೆಯ ಯಂತ್ರಗಳ ಕೈಹಿಡಿದಿದ್ದ ಡೆಬಿಯನ್ನೇ ಹೀಗೆಂದ ಮೇಲೆ ಉಳಿದವರ ಮಾತೇಕೆ! ಇನ್ನೊಂದು ಕೊನೆಯಲ್ಲಿ ಡೆಲ್ ಸಂಸ್ಥೆಯ ‘ವೈಸ್ ೩೦೪೦’ ಇದೆ. ಟಿ ೬೨೦ಕ್ಕಿಂತ ಕಿರಿಯದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ೬೪ ಬಿಟ್ಟಿನದು. ಆದರೆ ಅದರ ೨ ಗಿಗಾಬೈಟ್ ರ‍್ಯಾಮ್ ಹಲಗೆಗೆ ಬೆಸೆದದ್ದು, ೮ ಅಥವಾ ೧೬ ಗಿಗಾಬೈಟಿನ ಸಂಗ್ರಹವೂ ಬೆಸೆದದ್ದು. ವಯಸ್ಸಿನಲ್ಲಿ ಕಿರಿಯದಾದರೂ ಅದು ಬೆಳೆಯಲಾರದು. ಆದಕಾರಣ ಅಂಗಡಿಯವನು ‘ಇದು ಹೊಸ ಮಾದರಿ’ ಎಂದಾಗ ನಾವು ಕೇಳಬೇಕಾದದ್ದು ತಯಾರಾದ ವರ್ಷವನ್ನಲ್ಲ, ಒಳಗಿನ ಕಿಂಡಿಗಳನ್ನು.

ವ್ಯವಸ್ಥಾ ತಂತ್ರಾಂಶದ ಆಯ್ಕೆಯಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ವಿಂಡೋಸ್ ೧೧ಕ್ಕೆ ಒಪ್ಪಿತವಾದ ಪ್ರೊಸೆಸರುಗಳ ಪಟ್ಟಿಯಲ್ಲಿ ಟಿ ೬೨೦ರದು ಇಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ಉಳಿದದ್ದು ಲಿನಕ್ಸ್. ಅದರ ೬೪ ಬಿಟ್ ಆವೃತ್ತಿಗಳು ಇಲ್ಲಿ ಸಲೀಸಾಗಿ ನಡೆಯುತ್ತವೆ. ಕನ್ನಡದ ಅಕ್ಷರಗಳಿಗೂ ಟೈಪು ಮಾಡುವುದಕ್ಕೂ ತೊಡಕಿಲ್ಲ. ಹತ್ತು ಹನ್ನೆರಡು ಪೆಟ್ಟಿಗೆಗಳಿರುವ ಶಾಲೆಯಾದರೆ ಎಲ್‌ಟಿಎಸ್‌ಪಿ ಎಂಬ ತಂತ್ರಾಂಶದ ಸಹಾಯದಿಂದ ಒಂದು ಗಟ್ಟಿಯಾದ ಗಣಕವನ್ನು ನಡುವೆ ಇಟ್ಟು, ಉಳಿದವನ್ನೆಲ್ಲ ಅದರಿಂದಲೇ ಹಚ್ಚುವಂತೆ ಮಾಡಬಹುದು.

ವಿದ್ಯುತ್ತಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಪೆಟ್ಟಿಗೆಯು ಸರಾಸರಿ ೧೦ ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ಹಗಲೂ ರಾತ್ರಿ ಹಚ್ಚಿಟ್ಟರೂ ವರ್ಷಕ್ಕೆ ೮೭.೬ ಯೂನಿಟ್ ಆಯಿತು. ೬೦ ವ್ಯಾಟ್ ಎಳೆಯುವ ಮೇಜಿನ ಗಣಕವಾದರೆ ೫೨೫.೬ ಯೂನಿಟ್. ಕಡತಗಳನ್ನು ಕಾಪಾಡುವಂಥ ಸದಾ ಎಚ್ಚರವಿರಬೇಕಾದ ಕೆಲಸಗಳಿಗೆ ಇವನ್ನು ಜನ ಇಷ್ಟಪಡುವುದರಲ್ಲಿ ಆಶ್ಚರ್ಯವೇನಿದೆ?

ವಿದ್ಯುತ್ತನ್ನು ಒದಗಿಸುವ ಅಡಾಪ್ಟರಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಪೆಟ್ಟಿಗೆಗಳು ಒಂದು ರಾಶಿಯಲ್ಲಿ, ಅಡಾಪ್ಟರುಗಳು ಇನ್ನೊಂದು ರಾಶಿಯಲ್ಲಿ ಬಿದ್ದಿರುತ್ತವೆ. ಟಿ ೬೨೦ಕ್ಕೆ ಬೇಕಾದದ್ದು ೧೯.೫ ವೋಲ್ಟ್, ೬೫ ವ್ಯಾಟಿನದು; ಮೇಲೆ ಹೇಳಿದ ಎಸ್ ೧೦ ನಡೆಯುವುದು ೧೨ ವೋಲ್ಟಿನಲ್ಲಿ. ತುದಿ ಹೊಂದಿಕೊಂಡಿತೆಂದು ಹೆಚ್ಚು ವೋಲ್ಟಿನದನ್ನು ಚುಚ್ಚಿದರೆ ಪೆಟ್ಟಿಗೆಗೆ ಅಂದೇ ಅಂತ್ಯ. ಎರಡು ಚೀಟಿಗಳನ್ನೂ ಓದಿ ತಾಳೆ ನೋಡಿಯೇ ಹಚ್ಚಬೇಕು. ಫ್ಯಾನಿಲ್ಲದ ಯಂತ್ರವು ತಣ್ಣಗಾಗುವುದು ಬಿಸಿಗಾಳಿ ತಾನಾಗಿ ಮೇಲೇರುವುದರಿಂದ. ಅದನ್ನು ಬೀರುವಿನೊಳಗೆ ಮುಚ್ಚಿಡುವುದು, ಮೇಲೆ ಪುಸ್ತಕ ಪೇರಿಸುವುದು ಕೂಡದು.

ಕಡೆಯದಾಗಿ ಒಂದು ಬಟ್ಟಲುಬಿಲ್ಲೆಯ ಮಾತು. ಯಂತ್ರ ಆರಿರುವಾಗಲೂ ಗಡಿಯಾರ ನಡೆಯಲೆಂದು ಇಂಥ ಹಲಗೆಗಳ ಮೇಲೆ ಸಾಮಾನ್ಯವಾಗಿ ‘ಸಿಆರ್ ೨೦೩೨’ ಎಂಬ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಹತ್ತು ವರ್ಷದ ಪೆಟ್ಟಿಗೆಯಲ್ಲಿ ಅದು ಬತ್ತಿರುವುದೇ ಹೆಚ್ಚು. ಬತ್ತಿದರೆ ಪ್ರತಿ ಸಲ ಹಚ್ಚಿದಾಗಲೂ ಗಡಿಯಾರವು ಯಾವುದೋ ಹಿಂದಿನ ವರ್ಷವನ್ನು ತೋರಿಸುತ್ತದೆ. ಸುರಕ್ಷಿತ ಜಾಲತಾಣಗಳು ತಮ್ಮ ಗುರುತಿಗಾಗಿ ನೀಡುವ ಪ್ರಮಾಣಪತ್ರಗಳಿಗೆ ಆರಂಭದ ದಿನವೂ ಮುಕ್ತಾಯದ ದಿನವೂ ಇರುವುದರಿಂದ, ಗಡಿಯಾರ ಹಿಂದಿದ್ದರೆ ಆ ಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲವೆಂದು ಗಣಕ ಭಾವಿಸುತ್ತದೆ. ಒಂದು ತಾಣವೂ ತೆರೆಯುವುದಿಲ್ಲ. ಹೊಸ ರ‍್ಯಾಮ್, ಹೊಸ ಸಂಗ್ರಹ, ಹೊಸ ವ್ಯವಸ್ಥೆ ಎಲ್ಲ ಹಾಕಿದ ಮೇಲೂ ಯಂತ್ರ ಹೀಗೆ ಮುನಿಸಿಕೊಂಡರೆ ಮೊದಲು ನೋಡಬೇಕಾದದ್ದು ಪರದೆಯ ಮೂಲೆಯಲ್ಲಿರುವ ತಾರೀಖನ್ನು. ಹೇಗೂ ಹೊದಿಕೆಯನ್ನು ಬಿಚ್ಚಿರುವಾಗಲೇ ಹಳೆಯ ಬಿಲ್ಲೆಯನ್ನು ತೆಗೆದು, ಅಧಿಕ ಚಿಹ್ನೆ ಮೇಲೆ ಬರುವಂತೆ ಹೊಸದನ್ನು ಕೂರಿಸಿ ಮುಚ್ಚಿಬಿಡುವುದು ಅನುಕೂಲ.